ಒಬ್ಬನಿಗೆ ಒಂಬತ್ತು ಕೋವಿ ಎಂತಕ್ಕೆ? ಗೊತ್ತಿದ್ದವರು ಸ್ವಲ್ಪ ಹೇಳಿ

ಅಜೆಕಾರು ತೋಟದವ

ಎಲ್ಲರಿಗೂ ನಮಸ್ಕಾರ. ನಾನು ಕಾರ್ಕಳ ತಾಲೂಕಿನ ಅಜೆಕಾರಿನವ, ಅಡಿಕೆ ತೋಟ, ಜೊತೆಗೆ ಸ್ವಲ್ಪ ಕಾಳುಮೆಣಸು. ಈ ಸಲ ಮಗಳು ಅಳಿಯ ಇರುವ ಅಮೆರಿಕದ ಓಹಾಯೋಕ್ಕೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಅವರ ಪಕ್ಕದ ಮನೆಯವರು ರಿಟೈರ್ಡ್ ಎಲೆಕ್ಟ್ರಿಷಿಯನ್, ಒಳ್ಳೆ ಮನುಷ್ಯ, ನಮ್ಮ ಹುಲ್ಲು ಕತ್ತರಿಸುವ ಮೆಷಿನು ಕೆಟ್ಟಾಗ ಅವರೇ ಬಂದು ರಿಪೇರಿ ಮಾಡಿ ಕೊಟ್ಟವರು. ಒಂದು ದಿನ ನನ್ನನ್ನು ಮನೆಯ ನೆಲಮಾಳಿಗೆಗೆ ಕರ್ಕೊಂಡು ಹೋಗಿ ನನ್ನ ಎತ್ತರದ ಕಬ್ಬಿಣದ ಕಪಾಟು ತೆರೆದರು, ಅದರೊಳಗೆ ಸಾಲಾಗಿ ನಿಲ್ಲಿಸಿದ 9 ಕೋವಿ. ಒಂದೊಂದನ್ನೂ ತೆಗೆದು ಬಾಯಿ ನೆಲಕ್ಕೆ ಮಾಡಿ, ಬೋಲ್ಟ್ ಎಳೆದು, ಒಳಗೆ ಬೆರಳು ಹಾಕಿ ಖಾಲಿ ಉಂಟು ಅಂತ ನನಗೆ ತೋರಿಸಿ ಆಮೇಲೆಯೇ ಕೈಗೆ ಕೊಟ್ಟರು.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜೋಡು ನಳಿಗೆ ಕೋವಿ ಒಂದು ಉಂಟು. ಹಂದಿ ಬಂದ್ರೂ ಅದೇ, ಮಂಗ ಓಡಿಸ್ಲಿಕ್ಕೂ ಅದೇ, ದೀಪಾವಳಿಗೆ ಒಂದು ಈಡು ಹೊಡೀಲಿಕ್ಕೂ ಅದೇ. 60 ವರ್ಷದಲ್ಲಿ ಎರಡನೇದು ಬೇಕು ಅಂತ ನಮಗೆ ಅನಿಸ್ಲೇ ಇಲ್ಲ. ಹಾಗಿರುವಾಗ ಅವರಿಗೆ 9 ಎಂತಕ್ಕೆ? ಶೋಕಿಯಾ, ಹೆದರಿಕೆಯಾ, ಅಥವಾ ನಿಜವಾಗಿ ಬೇಕಾಗ್ತದಾ? ನನ್ನ 7 ವರ್ಷದ ಮೊಮ್ಮಗ ಆ ಮನೆಗೆ ಆಟಕ್ಕೆ ಹೋಗ್ತಾನೆ, ಮಗಳಿಗೆ ಅದೇ ಚಿಂತೆ, ಹಾಗಾಗಿ ಕೇಳುದು. ದಯವಿಟ್ಟು ರಾಜಕೀಯ ತರ್ಬೇಡಿ.

ಕುಂದಾಪ್ರ ಗಾಳದವ

ಎಂತ ಮರ್ರೆ, ಅಲ್ಲಿ ಅಂಗಡಿಗೆ ಹೋದ್ರೆ ಸಿಕ್ತದೆ, ಕೈಯಲ್ಲಿ ದುಡ್ಡುಂಟು, ತಗೊಳ್ತಾರೆ. ಇದಕ್ಕೆ ದೊಡ್ಡ ಕಾರಣ ಹುಡುಕುದು ಬೇಡ.

ಉಡುಪಿ ಟು ಓಹಾಯೋ

@ಕುಂದಾಪ್ರ ಗಾಳದವ, ಅಣ್ಣ ನಿಮ್ಮ ಮನೆಯಲ್ಲಿ ಬಲೆ ಎಷ್ಟುಂಟು? ಬಂಗುಡೆಯ ಕಣ್ಣಿನ ಬಲೆಯಲ್ಲಿ ಅಂಜಲ್ ಹಿಡೀತೀರಾ? ಹೊಳೆಯಲ್ಲಿ ಬೀಸುಬಲೆ, ಕಡಲಿಗೆ ಬೇರೆ, ಬಂಡೆ ಮೇಲೆ ಕೂತ್ರೆ ಗಾಳ. ಗಾಳದಲ್ಲಿ ಸಹ ದಾರ ದಪ್ಪ ಬೇರೆ ಕೊಕ್ಕೆ ಬೇರೆ. ಇದೂ ಹಾಗೇ, ಆದ್ರೆ ಇಲ್ಲಿ ಇನ್ನೊಂದು ಸಂಗತಿ ಉಂಟು, ಕಾನೂನೇ ಬೇರೆ ಬೇರೆ ಕೋವಿ ತಗೊಳ್ಳುವ ಹಾಗೆ ಮಾಡ್ತದೆ.

ನಾನು 11 ವರ್ಷದಿಂದ ಓಹಾಯೋದಲ್ಲಿದ್ದೇನೆ, ಲೈಸೆನ್ಸ್ ಮಾಡಿಸಿ ಬೇಟೆಗೆ ಹೋಗ್ತೇನೆ, ಹಾಗಾಗಿ ಈ ರಾಜ್ಯದ್ದೇ ಹೇಳ್ತೇನೆ ತೋಟದವರೇ. ಇಲ್ಲಿ ಜಿಂಕೆಗೆ ನಾವು ಸಿನಿಮಾದಲ್ಲಿ ನೋಡುವ ಹಾಗಿನ ದೂರ ಹೋಗುವ ರೈಫಲ್ ಬಳಸ್ಲಿಕ್ಕೆ ಬಿಡುದಿಲ್ಲ. ಒಂದೇ ಗುಂಡಿನ ತೋಟೆ ಹಾಕಿದ ಶಾಟ್‌ಗನ್ ಆಗ್ಬೇಕು, ಇಲ್ಲದಿದ್ರೆ ನೆಟ್ಟಗಿನ ಕೊಳವೆಯ ಹಾಗಿರುವ ತೋಟೆಯ ರೈಫಲ್. ಕುತ್ತಿಗೆ ಸಪೂರ ಇರುವ ಬಾಟ್ಲಿ ಆಕಾರದ ತೋಟೆ ಜಿಂಕೆಗೆ ನಿಷಿದ್ಧ, ಅದರ ಗುಂಡು ತುಂಬ ದೂರ ಹೋಗ್ತದೆ, ಆದ್ರೆ ಇದು ಗದ್ದೆ, ಮನೆ ಎಲ್ಲ ಇರುವ ಜಾಗ. ಶಾಟ್‌ಗನ್ನಿಗೆ ಒಮ್ಮೆಗೆ 3 ತೋಟೆಗಿಂತ ಹೆಚ್ಚು ತುಂಬ್ಲಿಕ್ಕಿಲ್ಲ. ಅದು ಮುಗಿದ ಮೇಲೆ ಜನವರಿಯಲ್ಲಿ ಇನ್ನೊಂದು ಸಣ್ಣ ಸೀಸನ್ ಬರ್ತದೆ, ಅದರಲ್ಲಿ ಕೋವಿ ಅಂತ ಹಿಡಿಯುದಾದ್ರೆ ಬಾಯಿಯಿಂದ ಮದ್ದು ತುಂಬುವ ಕೋವಿ ಮಾತ್ರ, ಅಂದ್ರೆ ನಮ್ಮ ಕೇಪಿನ ಕೋವಿಯ ಜಾತಿಯದ್ದು. ಅಲ್ಲಿಗೆ ಜಿಂಕೆ ಒಂದಕ್ಕೇ ಎರಡು ಕೋವಿ ಆಯ್ತು.

ಬಾತುಕೋಳಿಗೆ ಬನ್ನಿ. ನೀರುಹಕ್ಕಿಗೆ ಸೀಸದ ಚರೆ ಇಡೀ ಅಮೆರಿಕದಲ್ಲಿ 1991ರಿಂದ ಬಂದ್. ಕೆರೆಯ ತಳದಲ್ಲಿ ಬಿದ್ದ ಸೀಸವನ್ನು ಹಕ್ಕಿಗಳು ಕಲ್ಲು ಅಂತ ತಿಳಿದು ನುಂಗಿ ವಿಷವೇರಿ ಸಾಯ್ತಿದ್ವು. ಈಗ ಹೆಚ್ಚಿನವರು ಹಾಕುದು ಉಕ್ಕಿನ ಚರೆ. ಉಕ್ಕು ಗಟ್ಟಿ, ಸೀಸದ ಹಾಗೆ ಒತ್ತಿಕೊಳ್ಳುದಿಲ್ಲ, ಬಾಯಿ ಹತ್ರ ಬಿಗಿ ಇರುವ ಹಳೇ ಕೋವಿಯಲ್ಲಿ ಹೊಡೆದ್ರೆ ನಳಿಗೆ ಉಬ್ಬಿ ಹಾಳಾಗ್ತದೆ. ಹಾಗಾಗಿ ಅಪ್ಪನ ಕಾಲದ ಚಂದದ ಕೋವಿ ಕಪಾಟಿನಲ್ಲೇ ಉಳೀತದೆ, ಬಾತುಕೋಳಿಗೆ ಅಂತ ಹೊಸತೊಂದು ಬರ್ತದೆ. ಹಳೇದನ್ನು ಮಾರ್ಲಿಕ್ಕೆ ಮನಸ್ಸು ಬರ್ತದಾ? ನಿಮ್ಮ ಅಜ್ಜನದ್ದನ್ನು ನೀವು ಮಾರ್ತೀರಾ?

ಅಳಿಲಿಗೆ .22, ಅಂದ್ರೆ ಸಣ್ಣ ಗುಂಡಿನ ರೈಫಲ್. ಅದರ ಗುಂಡಿನ ಶಕ್ತಿ 150ರಿಂದ 200 ಜೂಲ್ ಅಷ್ಟೆ. ಕೊಲರಾಡೊ ಕಡೆ ಕಡವೆಯಷ್ಟು ದೊಡ್ಡ ಎಲ್ಕ್ ಬೇಟೆಗೆ ಒಯ್ಯುವ .30-06 ಎಂಬ ದೊಡ್ಡ ರೈಫಲಿನದ್ದು 3,500 ಜೂಲಿಗಿಂತ ಮೇಲೆ. ದೊಡ್ಡದರಲ್ಲಿ ಅಳಿಲಿಗೆ ಹೊಡೆದ್ರೆ ತಿನ್ಲಿಕ್ಕೆ ಏನೂ ಉಳಿಯುದಿಲ್ಲ. ಸಣ್ಣದರಲ್ಲಿ ಎಲ್ಕಿಗೆ ಹೊಡೆದ್ರೆ ಅದು ಸಾಯುದಿಲ್ಲ, ಗಾಯ ಹೊತ್ತುಕೊಂಡು ಕಾಡಿನೊಳಗೆ ಹೋಗಿ ದಿನಗಟ್ಟಲೆ ನರಳ್ತದೆ. ನನ್ನ ಪ್ರಕಾರ ಎಲ್ಲದಕ್ಕಿಂತ ದೊಡ್ಡ ಕಾರಣ ಇದು. ಮೊದಲ ವರ್ಷ ನಾನೇ ಒಂದು ಜಿಂಕೆಗೆ ಹೊಡೆದದ್ದು ಸರಿಯಾಗಿ ತಾಗದೆ, ರಾತ್ರಿ 11ರ ವರೆಗೆ ಟಾರ್ಚ್ ಹಿಡಿದು ಎಲೆ ಮೇಲಿನ ರಕ್ತದ ಹನಿ ನೋಡ್ತಾ ಹುಡುಕಿದ್ದೇನೆ. ಸಿಕ್ಕಿತು, ಆದ್ರೆ ಆ ಸಂಕಟ ಯಾರಿಗೂ ಬೇಡ.

ಈಗ ಲೆಕ್ಕ ಹಾಕಿ, ಶೋಕಿ ಸೇರಿಸದೆ 5 ಆಯ್ತು. ಅದಕ್ಕೆ ಅಪ್ಪನದ್ದು ಒಂದು, ಹೆಂಡತಿಗೆ ಭುಜಕ್ಕೆ ಒದೆ ಕಡಿಮೆ ಇರುವ 20 ಬೋರ್ ಒಂದು, ಮಕ್ಕಳು ಕಲ್ತದ್ದು ಒಂದು. 9 ಆಗ್ಲಿಕ್ಕೆ ಇನ್ನು ಎಷ್ಟು ಬೇಕು?

ಕುಂದಾಪ್ರ ಗಾಳದವ

ಬಲೆ ಲೆಕ್ಕ ಹೇಳಿದ ಮೇಲೆ ನನಗೆ ಮಾತಿಲ್ಲ. ಮನೆಯಲ್ಲಿ ಈಗ 6 ಉಂಟು, ಏಳನೇದು ಮಲ್ಪೆಯಲ್ಲಿ ನೋಡಿಟ್ಟಿದ್ದೇನೆ.

ಮದ್ದಳೆ ಹೆಬ್ರಿ

ನಾನು ಕೋವಿ ಹಿಡಿದವನಲ್ಲ, ಆದ್ರೆ ಓದ್ತಾ ನಮ್ಮ ಯಕ್ಷಗಾನದ ಚೌಕಿ ನೆನಪಾಯ್ತು. ನಾವು ಆಟಕ್ಕೆ ಹೋಗುವಾಗ ಮದ್ದಳೆ ಒಂದೇ ಒಯ್ಯುದಾ? ಭಾಗವತರು ಬಿಳಿ ನಾಲ್ಕರಲ್ಲಿ ಹಾಡಿದ್ರೆ ಆ ಶ್ರುತಿಗೆ ಬೇರೆ, ನಡುರಾತ್ರಿ ಇನ್ನೊಬ್ಬರು ಕೂತು ಕಪ್ಪು ಒಂದು ಹಿಡಿದ್ರೆ ಅದಕ್ಕೆ ಬೇರೆ. ಬಾರು ಎಳೆದು ಸ್ವಲ್ಪ ಹೊಂದಿಸ್ಬಹುದು, ಜಾಸ್ತಿ ಎಳೆದ್ರೆ ಮುಚ್ಚಿಗೆ ಹರೀತದೆ. ನೋಡ್ಲಿಕ್ಕೆ ಎಲ್ಲ ಒಂದೇ, ಬಾರಿಸುವವನಿಗೆ ಮಾತ್ರ ಗೊತ್ತು.

ಸುರತ್ಕಲ್ ಅಮ್ಮ

ಮದ್ದಳೆಯವರು ಹೇಳಿದ್ದು ನನಗೆ ಸರಿಯಾಗಿ ತಾಗಿತು. ನನ್ನ ಮಗಳು ಪಿಸ್ತೂಲ್ ಶೂಟಿಂಗ್ ಮಾಡ್ತಾಳೆ, ಈಗ ಪಿಯುಸಿ. ಕ್ರೀಡೆಯ ಕಡೆಯಿಂದ ನಾನು ಹೇಳ್ತೇನೆ, ಬೇಟೆ ನನಗೆ ಗೊತ್ತಿಲ್ಲ.

ಶೂಟಿಂಗ್ ಅಂದ್ರೆ ಒಂದೇ ಆಟ ಅಂತ ನಾನೂ ಮೊದ್ಲು ಗ್ರಹಿಸಿದ್ದೆ. ಒಲಿಂಪಿಕ್ಸಿನದ್ದೇ ನೋಡಿ, ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲಿ, ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸಿನಲ್ಲಿ ಕಂಚು ಗೆದ್ದದ್ದು 50 ಮೀಟರಿನಲ್ಲಿ .22 ರೈಫಲ್ ಹಿಡಿದು, ರಾಜ್ಯವರ್ಧನ್ ರಾಥೋಡ್ 2004ರಲ್ಲಿ ಬೆಳ್ಳಿ ತಂದದ್ದು 12 ಬೋರ್ ಶಾಟ್‌ಗನ್ನಿನಲ್ಲಿ. ಒಬ್ಬರದ್ದು ಇನ್ನೊಬ್ಬರಿಗೆ ಆಗುದಿಲ್ಲ. ಶಾಟ್‌ಗನ್ನಿನಲ್ಲೇ ಟ್ರ್ಯಾಪ್ ಬೇರೆ ಸ್ಕೀಟ್ ಬೇರೆ ಅಂತೆ. ಟ್ರ್ಯಾಪಿನಲ್ಲಿ ಮಣ್ಣಿನ ತಟ್ಟೆ ಎದುರಿಂದ ದೂರ ಓಡ್ತದೆ, ಅದಕ್ಕೆ ಉದ್ದ ನಳಿಗೆ, ಬಾಯಿ ಬಿಗಿ, ಚರೆ ಒಟ್ಟಾಗಿ ಹೋಗ್ಬೇಕು. ಸ್ಕೀಟಿನಲ್ಲಿ ಹತ್ತಿರದಲ್ಲೇ ಅಡ್ಡ ಹಾರ್ತದೆ, ಕೋವಿಯನ್ನು ಸೊಂಟದ ಹತ್ರ ಹಿಡಿದು ನಿಂತು ತಟ್ಟೆ ಕಂಡ ಮೇಲೆಯೇ ಭುಜಕ್ಕೆ ತರ್ಬೇಕು, ಅದಕ್ಕೆ ಬಾಯಿ ಸಡಿಲ ಇರುವ ಗಿಡ್ಡ ನಳಿಗೆ. ಇದು ಅವಳ ಕೋಚ್ ಹೇಳಿದ್ದು.

ನಮ್ಮ ಮನೆಯ ಕಥೆ ಕೇಳಿ. 10 ಮೀಟರ್ ಏರ್ ಪಿಸ್ತೂಲಿಗೆ ಟ್ರಿಗರ್ ಕಡಿಮೆ ಅಂದ್ರೆ 500 ಗ್ರಾಂ ಭಾರ ತಡೀಬೇಕು. ಮ್ಯಾಚಿಗೆ ಮೊದ್ಲು ಟ್ರಿಗರಿಗೆ ತೂಕದ ಕಲ್ಲು ತೂಗುಹಾಕಿ ನೋಡ್ತಾರೆ, ಕಲ್ಲು ಬಿದ್ರೆ ಆ ಪಿಸ್ತೂಲು ಒಳಗಿಲ್ಲ. 25 ಮೀಟರಿನ .22 ಪಿಸ್ತೂಲಿಗೆ ಅದು 1,000 ಗ್ರಾಂ, ಅಂದ್ರೆ ಡಬಲ್. ಬೆರಳಿಗೆ ಎರಡೂ ಬೇರೆ ಬೇರೆಯಾಗಿ ಅಭ್ಯಾಸ ಆಗ್ಬೇಕು. ಮತ್ತೆ ಹಿಡಿಕೆ. ಅಂಗಡಿಯಿಂದ ಬಂದ ಮರದ ಹಿಡಿಕೆಯನ್ನು ನಮ್ಮೆಜಮಾನರು ಎರಡು ವಾರ ಅರದಿಂದ ಉಜ್ಜಿ, ಬೆರಳಿನ ಸಂದಿಗೆ ವುಡ್ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಮರಳು ಕಾಗದ ಹಾಕಿ ಅವಳ ಅಂಗೈಗೆ ಕೂರಿಸಿದ್ದಾರೆ. ಆ ಪುಟ್ಟಿಯಲ್ಲಿ ಅವಳ ಹೆಬ್ಬೆರಳಿನ ಗುರುತು ಈಗಲೂ ಕಾಣ್ತದೆ. ನನ್ನ ಕೈಗೆ ಅದು ಕೂರುದೇ ಇಲ್ಲ, ಅವಳ ತಮ್ಮನಿಗೂ ಆಗ್ಲಿಕ್ಕಿಲ್ಲ. ಹಾಗಿರುವಾಗ ಒಂದನ್ನೇ ಇಬ್ಬರು ಹಂಚಿಕೊಳ್ಳಿ ಅಂತ ಹೇಳ್ಲಿಕ್ಕಾಗ್ತದಾ.

ಸ್ಪೇರ್ ಯಾಕೆ ಬೇಕು ಅಂದ್ರೆ, ಟೋಕಿಯೋದಲ್ಲಿ ಮನು ಭಾಕರಿಗೆ ಆದದ್ದು ನೆನಪು ಮಾಡಿ. ಕ್ವಾಲಿಫಿಕೇಶನ್ ನಡೀತಾ ಇರುವಾಗಲೇ ಪಿಸ್ತೂಲು ಕೈಕೊಟ್ಟು ಎಷ್ಟೋ ನಿಮಿಷ ರಿಪೇರಿಯಲ್ಲೇ ಹೋಯ್ತು, ಫೈನಲಿಗೆ ಬರ್ಲಿಲ್ಲ. ಆ ಮಗು ಅತ್ತದ್ದನ್ನು ನೋಡಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡ್ಲಿಲ್ಲ. ಮೂರು ವರ್ಷ ಬಿಟ್ಟು ಪ್ಯಾರಿಸಿನಲ್ಲಿ ಎರಡು ಕಂಚು ತಂದ್ಲು, ದೇವರು ದೊಡ್ಡವ. ನಮಗೆ ಎರಡನೇ ಏರ್ ಪಿಸ್ತೂಲು ತಗೊಳ್ಳುವ ತಾಕತ್ತಿಲ್ಲ. ಏರ್ ಸಿಲಿಂಡರ್ ಮಾತ್ರ ಎರಡಿಟ್ಟಿದ್ದೇವೆ, ಅದಕ್ಕೂ 10 ವರ್ಷದ ಆಯುಷ್ಯ ಬರೆದಿರ್ತದೆ, ತಾರೀಕು ದಾಟಿದ್ರೆ ಮ್ಯಾಚಿಗೆ ಬಿಡುದಿಲ್ಲ.

ಬ್ರಹ್ಮಾವರ ಮಾಜಿ ಸೈನಿಕ

ಚರ್ಚೆ ಒಳ್ಳೇದುಂಟು. ನಮ್ಮ ದೇಶದ ಕಾನೂನು ಕೂಡ ಇಲ್ಲಿ ಇರ್ಲಿ, ಯಾಕಂದ್ರೆ ಓಹಾಯೋದ ಲೆಕ್ಕ ಇಲ್ಲಿ ನಡೆಯುದಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಇಲ್ಲಿ ಶೋಕಿಗೆ ಬೇಟೆ ಎಂಬುದೇ ಇಲ್ಲ. ಆರ್ಮ್ಸ್ ಆ್ಯಕ್ಟಿನಲ್ಲಿ ಒಬ್ಬನಿಗೆ 3 ಕೋವಿ ಇಟ್ಟುಕೊಳ್ಳಬಹುದಿತ್ತು, 2019ರ ತಿದ್ದುಪಡಿಯಲ್ಲಿ ಅದು 2 ಆಯ್ತು. ಮೂರನೇದು ಇದ್ದವರು ಒಂದು ವರ್ಷದೊಳಗೆ ಸ್ಟೇಷನ್ನಿಗೋ ಡೀಲರಿಗೋ ಒಪ್ಪಿಸ್ಬೇಕಾಯ್ತು. ಲೈಸೆನ್ಸಿನ ಅವಧಿ ಮಾತ್ರ 3 ವರ್ಷದಿಂದ 5ಕ್ಕೆ ಏರಿತು.

ಆದ್ರೆ ಸರ್ಕಾರ ಕ್ರೀಡೆಯವರನ್ನು ಬೇರೆಯೇ ನೋಡಿದೆ. 2020ರ ಅಧಿಸೂಚನೆಯಲ್ಲಿ ಹೆಸರು ಮಾಡಿದ ಶೂಟರುಗಳಿಗೆ ಅವರು ಆಡುವ ಇವೆಂಟ್ ನೋಡಿ 8, 10, 12ರ ವರೆಗೆ ಇಟ್ಟುಕೊಳ್ಳಲಿಕ್ಕೆ ಬಿಟ್ಟಿದ್ದಾರೆ. ಅಮ್ಮ ಹೇಳಿದ್ದನ್ನೇ ಸರ್ಕಾರವೂ ಒಪ್ಪಿದ ಹಾಗಾಯ್ತು, ಇವೆಂಟಿಗೊಂದು ಬೇಕು, ಸ್ಪೇರ್ ಬೇಕು ಅಂತ. ಏರ್ ಪಿಸ್ತೂಲು 4.5 ಎಂಎಂ, 20 ಜೂಲಿನ ಒಳಗಾದ್ರೆ ಲೈಸೆನ್ಸೇ ಬೇಡ, ಗುರುತಿನ ದಾಖಲೆ ಕೊಟ್ಟು ತಗೊಳ್ಬಹುದು. ಕೊಡವರಿಗೆ ಮತ್ತು ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮಾ ಹಿಡುವಳಿ ಇರುವವರಿಗೆ ಲೈಸೆನ್ಸ್ ವಿನಾಯಿತಿ ಇರುದು ಬೇರೆ ವಿಷಯ, ಅದು ಈಗ 2029ರ ವರೆಗೆ ಉಂಟು.

ಮಣಿಪಾಲ್ ಸಿಸ್ಟರ್

ನಾನು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ 14 ವರ್ಷ ಕೆಲಸ ಮಾಡಿದವಳು. ನಿಮ್ಮ ಮಾತೆಲ್ಲ ಓದಿದೆ, ಬಲೆ, ಮದ್ದಳೆ ಎಲ್ಲ ಸರಿ. ಆದ್ರೆ ಬಲೆಯಿಂದ ಯಾರ ಜೀವವೂ ಒಂದು ಕ್ಷಣದಲ್ಲಿ ಹೋಗುದಿಲ್ಲ ಅಣ್ಣ, ಅದನ್ನು ಮರೀಬಾರದು.

ಅಮೆರಿಕದಲ್ಲಿ ಕೋವಿಯಿಂದ ಆಗುವ ಸಾವಿನಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ, ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ನಮ್ಮ ಊರಲ್ಲಿ ಕೋವಿ ಕಡಿಮೆ, ಆದ್ರೆ ತೋಟಕ್ಕೆ ತಂದ ಕಳೆನಾಶಕ ಜಗಲಿಯಲ್ಲೇ ಇರ್ತದೆ, ಅದರಿಂದ ಆದದ್ದನ್ನು ನಾನು ಎಷ್ಟೋ ನೋಡಿದ್ದೇನೆ. ಬಂದವರಲ್ಲಿ ಬದುಕಿ ಉಳಿದವರು ಮಾರನೇ ದಿನ ನನ್ನ ಕೈ ಹಿಡಿದು, ಸಿಸ್ಟರ್ ಆ ಹೊತ್ತಿಗೆ ಅದು ಕೈಗೆ ಸಿಕ್ಕಿತು, ಸಿಗದಿದ್ರೆ ನಾನು ಹೀಗೆ ಮಾಡ್ತಿರ್ಲಿಲ್ಲ ಅಂತ ಹೇಳಿದ್ದಾರೆ. ಆ ಹೊತ್ತು ಅನ್ನುದು ಹತ್ತು ನಿಮಿಷ ಇರ್ಬಹುದು. ಬೀಗ ಹಾಕಿದ್ರೆ ಆ ಹತ್ತು ನಿಮಿಷ ದಾಟಿ ಹೋಗ್ತದೆ.

ಹಾಗಾಗಿ ತೋಟದವರೇ, ನಿಮ್ಮ ಮಗಳು ಆ ಮನೆಯವರ ಹತ್ರ 9 ಯಾಕೆ ಅಂತ ಕೇಳುದು ಬೇಡ. ಬೀಗದ ಕೈ ಎಲ್ಲಿಡ್ತೀರಿ, ತೋಟೆ ಎಲ್ಲಿಡ್ತೀರಿ, ಮೊಮ್ಮಕ್ಕಳಿಗೆ ಜಾಗ ಗೊತ್ತುಂಟಾ ಅಂತ ಕೇಳ್ಲಿ. ಹಾಗೆ ಕೇಳುದರಲ್ಲಿ ಏನೂ ಅವಮಾನ ಇಲ್ಲ. ಒಳ್ಳೆ ಬೇಟೆಗಾರ ಆದ್ರೆ ಖುಷಿಯಿಂದಲೇ ಹೇಳ್ತಾರೆ.

ಕಾಪು–ಮ್ಯೂನಿಕ್

ಅಕ್ಕ ಹೇಳಿದ್ದನ್ನೇ ಇಲ್ಲಿ ಜರ್ಮನಿಯಲ್ಲಿ ಕಾನೂನು ಮಾಡಿ ಇಟ್ಟಿದ್ದಾರೆ. ಬೇಟೆಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೊಂಡವನಿಗೆ ಉದ್ದ ಕೋವಿ ಇಷ್ಟೇ ಅಂತ ಮಿತಿ ಇಲ್ಲ, ಆದ್ರೆ ಕೈಕೋವಿ ಸಾಧಾರಣಕ್ಕೆ ಎರಡೇ. ಸ್ಪೋರ್ಟ್ ಶೂಟರುಗಳ ಹಳದಿ ಕಾರ್ಡಿಗೆ, ಅಂದ್ರೆ ಅವರ ಕೋವಿ ಪರವಾನಗಿಗೆ, 2020ರಿಂದ 10ರ ಮಿತಿ ಬಂತು. ಎಷ್ಟೇ ಇರ್ಲಿ, 2017ರ ನಂತರ ಹೊಸತಾಗಿ ಇಡುವವರು ನಿಗದಿತ ದರ್ಜೆಯ ಸೇಫಿನಲ್ಲೇ ಇಡ್ಬೇಕು. ಅಧಿಕಾರಿಗಳು ಮನೆಗೆ ಬಂದು ನೋಡ್ತಾರೆ ಕೂಡ. ಮತ್ತೆ ಸಣ್ಣ ಜಿಂಕೆಗೆ 100 ಮೀಟರಿನಲ್ಲಿ ಗುಂಡಿಗೆ 1,000 ಜೂಲ್ ಉಳಿದಿರ್ಬೇಕು, ಹಂದಿ, ದೊಡ್ಡ ಜಿಂಕೆಗೆ 6.5 ಎಂಎಂಗಿಂತ ಕಡಿಮೆ ಇಲ್ಲದ ಗುಂಡು, 2,000 ಜೂಲ್. ಪ್ರಾಣಿ ನರಳ್ಬಾರದು ಅಂತಲೇ ಆ ನಿಯಮ, ಓಹಾಯೋದವರು ಹೇಳಿದ ಸಂಕಟವೇ ಇದು.

ಬೆಳ್ಮಣ್ ಕೃಷಿಕ

ಇಲ್ಲಿ ಎರಡು ಬಿಡಿ, ಒಂದನ್ನೇ ಮನೆಯಲ್ಲಿಟ್ಟುಕೊಳ್ಳುದು ಕಷ್ಟ ಆಗಿದೆ. ಪ್ರತೀ ಚುನಾವಣೆಗೂ ಕೋವಿ ಡಿಪಾಸಿಟ್ ಮಾಡಿ ಅಂತ ನೋಟಿಸು. ಕಳೆದ ಸಲ ಕೊಟ್ಟು ವಾಪಸು ಬರುವಷ್ಟರಲ್ಲಿ ಮಂಗ ಎಳೆ ಬೊಂಡ ಪೂರ್ತಿ ಖಾಲಿ ಮಾಡಿತ್ತು, ಹಂದಿ ಬಾಳೆಯ ಬುಡ ಅಗೆದು ಮಲಗಿಸಿತ್ತು. ನಾವು ಮಂಗಕ್ಕೆ ಹೊಡೆಯುದಲ್ಲ, ಗಾಳಿಗೆ ಒಂದು ಈಡು, ಆ ಶಬ್ದಕ್ಕೆ ಮೂರು ದಿನ ಬರುದಿಲ್ಲ. ಮರಳಿ ಸಿಕ್ಕಿದ ಕೋವಿಯ ನಳಿಗೆಯೊಳಗೆ ತುಕ್ಕು. ಎಣ್ಣೆ ಹಾಕುವವರು ಯಾರು ಅಲ್ಲಿ? ವಿಷಯಕ್ಕೆ ಸಂಬಂಧ ಇಲ್ಲ ಅಂತ ಅನಿಸಿದ್ರೆ ಕ್ಷಮಿಸಿ, ಹೊಟ್ಟೆ ಉರಿದು ಬರ್ದೆ.

ಬ್ರಹ್ಮಾವರ ಮಾಜಿ ಸೈನಿಕ

@ಬೆಳ್ಮಣ್ ಕೃಷಿಕ, ಸಂಬಂಧ ಉಂಟು. ಡಿಪಾಸಿಟ್‌ನಿಂದ ವಿನಾಯಿತಿ ಬೇಕು ಅಂತ ಬೆಳೆ ಹಾನಿಯ ಫೋಟೋ, ಪಹಣಿ ಇಟ್ಟು ಮೊದಲೇ ಅದನ್ನು ತೀರ್ಮಾನಿಸುವ ಸ್ಕ್ರೀನಿಂಗ್ ಕಮಿಟಿಗೆ ಅರ್ಜಿ ಹಾಕಿ. ನೋಟಿಸು ಬರುವ ವರೆಗೆ ಕಾಯ್ಬೇಡಿ. ಕೊಡುವ ಮೊದ್ಲು ನಳಿಗೆಯೊಳಗೆ ಎಣ್ಣೆ ದಪ್ಪಕ್ಕೆ ಬಳಿದು ಕೊಡಿ, ರಶೀದಿಯಲ್ಲಿ ಸ್ಥಿತಿ ಬರೆಸಿಕೊಳ್ಳಿ.

ಅಜೆಕಾರು ತೋಟದವ

ಎಲ್ಲರಿಗೂ ತುಂಬ ಉಪಕಾರ ಆಯ್ತು, ಇಷ್ಟು ಉತ್ತರ ಬರ್ತದೆ ಅಂತ ನಾನು ಗ್ರಹಿಸಿರ್ಲಿಲ್ಲ.

ಓಹಾಯೋದವರು ಕೇಪಿನ ಕೋವಿ ಅಂದ ಕೂಡ್ಲೆ ನನಗೊಂದು ನೆನಪಾಯ್ತು, ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ. ನಮ್ಮ ಅಜ್ಜನಿಗೆ ಒಂದಲ್ಲ, ಎರಡು ಕೋವಿ ಇತ್ತಂತೆ. ತೋಟೆ ಕೋವಿಯ ತೋಟೆಗೆ ದುಡ್ಡು ಜಾಸ್ತಿ ಅಂತ ಅದನ್ನು ಹಂದಿಗೆ ಮಾತ್ರ ಇಟ್ಟುಕೊಂಡು, ಬಾವಲಿ, ಮಂಗ ಓಡಿಸ್ಲಿಕ್ಕೆ ಕೇಪಿನ ಕೋವಿ. ಚಿಕ್ಕಪ್ಪ ಸಣ್ಣವರಿರುವಾಗ ಮದ್ದಿನ ಮೇಲೆ ತುರುಕ್ಲಿಕ್ಕೆ ತೆಂಗಿನ ನಾರು ಉಂಡೆ ಮಾಡಿ ಕೊಡುದು ಅವರ ಕೆಲಸ, ಅಜ್ಜ ಗಜದಲ್ಲಿ ಗುದ್ದಿ ಕೂರಿಸುದಂತೆ. ಆ ಕೋವಿ ಆಮೇಲೆ ಎಲ್ಲಿಗೆ ಹೋಯ್ತು ಅವರಿಗೂ ನೆನಪಿಲ್ಲ. ಹಾಗಾದ್ರೆ ನಮ್ಮ ಮನೆಯಲ್ಲೂ ಕೆಲಸಕ್ಕೊಂದು ಕೋವಿ ಇತ್ತು, ನಾನು 60 ವರ್ಷ ಒಂದೇ ಅಂತ ಹೇಳಿದ್ದು ತಪ್ಪು.

ಸಿಸ್ಟರ್ ಹೇಳಿದ ಹಾಗೆ ಮಗಳು ಪಕ್ಕದ ಮನೆಯವರ ಹತ್ರ ಕೇಳಿದ್ಲು. ಅವರಿಗೆ ಬೇಜಾರಾಗ್ಲಿಲ್ಲ, ಪುನಃ ಕರ್ಕೊಂಡು ಹೋಗಿ ತೋರಿಸಿದ್ರಂತೆ. ಕಪಾಟಿಗೆ ನಂಬರಿನ ಬೀಗ, ನಂಬರು ಅವರಿಗೆ, ಹೆಂಡತಿಗೆ ಮಾತ್ರ ಗೊತ್ತು. ತೋಟೆ ಎಲ್ಲ ಬೇರೆ ಕೋಣೆಯಲ್ಲಿ ಬೇರೆ ಪೆಟ್ಟಿಗೆಯಲ್ಲಿ. ಮಗಳಿಗೆ ಸಮಾಧಾನ ಆಗಿದೆ, ಮೊಮ್ಮಗ ನಿನ್ನೆ ಆಟಕ್ಕೆ ಹೋಗಿದ್ದಾನೆ.

ಫೋನ್ ಇಟ್ಟ ಮೇಲೆ ನಾನು ಚಾವಡಿಗೆ ಬಂದು ನೋಡಿದೆ. ನಮ್ಮ ಕೋವಿ ಅಜ್ಜನ ಫೋಟೋದ ಕೆಳಗೆ ಮೊಳೆಗೆ ತೂಗಾಡ್ತಾ ಉಂಟು, ತೋಟೆಯ ಪೆಟ್ಟಿಗೆ ಅದರ ಕೆಳಗಿನ ಕಪಾಟಿನಲ್ಲಿ, ಕಪಾಟಿಗೆ ಚಿಲಕ ಮಾತ್ರ. ಕಳೆದ ಮೇ ತಿಂಗಳಲ್ಲಿ ಅದೇ ಚಾವಡಿಯಲ್ಲಿ ಮೊಮ್ಮಗ, ತಂಗಿಯ ಮಕ್ಕಳು ಸೇರಿ ಐದು ಜನ ಒಂದು ವಾರ ಹಾಸಿಗೆ ಹಾಕಿ ಮಲಗಿದ್ರು. ಅದು ನೆನಪಾಗಿ ಕೈಕಾಲು ತಣ್ಣಗಾಯ್ತು. ಇವತ್ತು ಬೆಳಿಗ್ಗೆ ಕೋವಿ ಇಳಿಸಿ ಹೆಂಡತಿಯ ಸೀರೆಯ ಗಾಡ್ರೆಜ್ಜಿನೊಳಗೆ ಅಡ್ಡ ಇಟ್ಟು ಬೀಗ ಹಾಕಿದ್ದೇನೆ, ತೋಟೆ ಅಟ್ಟದ ಪೆಟ್ಟಿಗೆಯಲ್ಲಿ ಬೇರೆ ಬೀಗದಲ್ಲಿ. ಅದರಲ್ಲಿ ನಾಲ್ಕು ಹಳೇ ತೋಟೆ ಮಳೆಗಾಲದ ಥಂಡಿಗೆ ಉಬ್ಬಿ ಹೋಗಿದೆ, ಅದನ್ನು ಎಂತ ಮಾಡುದು? ಡೀಲರಿಗೆ ಕೊಟ್ರೆ ತಗೊಳ್ತಾರಾ, ಸ್ಟೇಷನ್ನಿಗೆ ಕೊಡ್ಬೇಕಾ?

ಬ್ರಹ್ಮಾವರ ಮಾಜಿ ಸೈನಿಕ

ಉಬ್ಬಿದ್ದನ್ನು ಕೋವಿಗೆ ಹಾಕಿ ನೋಡ್ಲಿಕ್ಕೆ ಹೋಗ್ಬೇಡಿ, ಬಿಚ್ಚಲಿಕ್ಕೂ ಬೇಡ, ಒಲೆಯ ಹತ್ರವಂತೂ ಬೇಡವೇ ಬೇಡ. ಬೇರೆ ಡಬ್ಬದಲ್ಲಿ ಹಾಕಿಡಿ. ಲೈಸೆನ್ಸ್ ಪುಸ್ತಕ ಹಿಡ್ಕೊಂಡು ಮೊದ್ಲು ಸ್ಟೇಷನ್ನಿಗೆ ಹೋಗಿ ಕೇಳಿ, ಅವರು ಹೇಳಿದ ಹಾಗೆ ಒಪ್ಪಿಸಿ, ಪುಸ್ತಕದಲ್ಲಿ ಲೆಕ್ಕ ಬರೆಸಿ. ಸೋಮವಾರ ನಾನು ಕಾರ್ಕಳಕ್ಕೆ ಬರುದುಂಟು, ಬೇಕಾದ್ರೆ ಜೊತೆಗೆ ಹೋಗುವ.